ವೈನ್ ಮೇಜಿನ ಪಾಠ: ಬೆಲೆ ಬೇರೆ, ಗುಣ ಬೇರೆ

ಸರಕನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಮೂಗಿನಿಂದ ಮೂಸಿ ಬೆಲೆ ಕಟ್ಟುವುದು ನಮ್ಮ ವ್ಯಾಪಾರಿ ಸಮುದಾಯಕ್ಕೆ ತಲೆತಲಾಂತರದಿಂದ ಬಂದ ವಿದ್ಯೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವರ್ಗಗಳನ್ನು ನುರಿತ ವ್ಯಾಪಾರಿ ನೋಡಿದೊಡನೆ ಗುರುತಿಸಬಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂಬುದನ್ನು ಮೆಣಸಿನಕಾಯಿಯ ಬಣ್ಣ ಮತ್ತು ಸುಕ್ಕುಗಳೇ ಹೇಳುತ್ತವೆ. ಕಾಫಿ ವ್ಯಾಪಾರದಲ್ಲಂತೂ ಬೀಜವನ್ನು ಹುರಿದು, ಪುಡಿ ಮಾಡಿ, ಬಿಸಿನೀರು ಸುರಿದು, ಚಮಚದಿಂದ ಸಶಬ್ದವಾಗಿ ಹೀರಿ, ಉಗುಳಿ ದರ್ಜೆಯನ್ನು ನಿರ್ಧರಿಸುವ ವೃತ್ತಿಪರರೇ ಇದ್ದಾರೆ.

ಇಂತಹ ಅನುಭವಿಗಳೇ ಒಂದು ಪದಾರ್ಥದ ಮುಂದೆ ಮಾತ್ರ ಮೌನ ತಾಳುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಅದು ವೈನ್. ರಫ್ತು ವಹಿವಾಟು, ವಿದೇಶಿ ಸಹಯೋಗ, ಉದ್ಯಮ ಮೇಳ ಇತ್ಯಾದಿಗಳ ಮೂಲಕ ಸಣ್ಣ ಕೈಗಾರಿಕೋದ್ಯಮಿಯೂ ಇಂದು ವೈನ್ ಇರುವ ಭೋಜನಕೂಟಗಳಿಗೆ ಆಹ್ವಾನಿತನಾಗುತ್ತಿದ್ದಾನೆ. ಪಟ್ಟಿಯಲ್ಲಿರುವ ಹೆಸರುಗಳು ಉಚ್ಚರಿಸಲು ಕಷ್ಟ, ಬೆಲೆಗಳಲ್ಲಿ ಅಜಗಜಾಂತರ. ಕೊನೆಗೆ, ಹೆಚ್ಚು ಬೆಲೆಯದೇ ಉತ್ತಮವಿರಬೇಕೆಂದು ತೀರ್ಮಾನಿಸಿ ಅದನ್ನೇ ತರಿಸುವುದು ರೂಢಿಯಾಗಿದೆ. ತನ್ನ ಅಂಗಡಿಯ ಸರಕಿನ ವಿಷಯದಲ್ಲಿ ಯಾವ ವ್ಯಾಪಾರಿಯೂ ಒಪ್ಪದ ತರ್ಕವಿದು.

ಮದ್ಯಪಾನಕ್ಕೆ ಪ್ರೋತ್ಸಾಹ ನೀಡುವುದು ಈ ಲೇಖನದ ಉದ್ದೇಶವಲ್ಲ. ಕುಡಿಯದವರು ಕುಡಿಯದೇ ಇರುವುದೇ ಒಳಿತು. ಆದರೆ ವೈನ್ ರುಚಿಪರೀಕ್ಷೆ, ಅದರ ಶಿಕ್ಷಣ ಮತ್ತು ಅದರ ಸುತ್ತಲಿನ ಭೋಜನಕೂಟ ಇವು ಮೂರೂ ಮೂಲತಃ ವ್ಯಾಪಾರಿಗಳೇ ರೂಪಿಸಿದ ವ್ಯವಸ್ಥೆಗಳು. ಬೆಲೆಯನ್ನೂ ಗುಣವನ್ನೂ ಪ್ರತ್ಯೇಕ ಖಾತೆಗಳಲ್ಲಿ ಬರೆಯುವುದು ಹೇಗೆಂಬುದನ್ನು ಅವು ಕಲಿಸುತ್ತವೆ. ಆ ದೃಷ್ಟಿಯಿಂದ ಈ ವಿಷಯವನ್ನು ನಮ್ಮ ಸದಸ್ಯ ಬಾಂಧವರ ಮುಂದಿಡಲು ಬಯಸುತ್ತೇನೆ.

ವಾಣಿಜ್ಯ ಮಂಡಳಿಯೊಂದು ಮಾಡಿಸಿದ ಪಟ್ಟಿ

ವೈನ್ ಜಗತ್ತಿನ ಅತ್ಯಂತ ಪ್ರಸಿದ್ಧ ದರ್ಜೆಪಟ್ಟಿಯ ಹಿಂದೆ ಇರುವುದು ನಮ್ಮದರಂತಹದೇ ಒಂದು ವಾಣಿಜ್ಯ ಮಂಡಳಿ. 1855ರಲ್ಲಿ ಪ್ಯಾರಿಸ್ ನಗರದಲ್ಲಿ ಮಹಾ ವಸ್ತುಪ್ರದರ್ಶನ ಏರ್ಪಟ್ಟಾಗ, ಬೋರ್ಡೋ ಪ್ರದೇಶದ ವೈನ್‌ಗಳನ್ನು ಕ್ರಮವಾಗಿ ಪ್ರದರ್ಶಿಸಲು ಒಂದು ಪಟ್ಟಿ ಬೇಕಾಯಿತು. ಬೋರ್ಡೋ ವಾಣಿಜ್ಯ ಮಂಡಳಿಯು ಆ ಕೆಲಸವನ್ನು ಅಲ್ಲಿನ ವೈನ್ ದಲ್ಲಾಳಿಗಳ ಸಂಘಕ್ಕೆ ವಹಿಸಿತು. ದಲ್ಲಾಳಿಗಳು ಹೊಸದಾಗಿ ರುಚಿ ನೋಡಲು ಕುಳಿತುಕೊಳ್ಳಲಿಲ್ಲ. ಯಾವ ತೋಟದ ವೈನ್‌ಗೆ ಅನೇಕ ವರ್ಷಗಳಿಂದ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ದೊರೆಯುತ್ತಿದೆ ಎಂಬುದನ್ನು ಆಧಾರವಾಗಿಟ್ಟುಕೊಂಡು, ಕೆಂಪು ವೈನ್‌ಗಳನ್ನು ಐದು ದರ್ಜೆಗಳಲ್ಲಿ ವಿಂಗಡಿಸಿದರು. ಲಫೀತ್, ಲತೂರ್, ಮಾರ್ಗೋ ಮತ್ತು ಓ-ಬ್ರಿಯೋಂ ಎಂಬ ನಾಲ್ಕು ತೋಟಗಳು ಮೊದಲ ದರ್ಜೆಯನ್ನು ಪಡೆದವು.

ವ್ಯಾಪಾರಿಯ ದೃಷ್ಟಿಯಲ್ಲಿ ಇದು ತಪ್ಪಾದ ವಿಧಾನವೇನಲ್ಲ. ದೀರ್ಘಕಾಲ ಸ್ಥಿರವಾಗಿ ನಿಂತ ಬೆಲೆಯು ಗ್ರಾಹಕರ ವಿಶ್ವಾಸವನ್ನು ಸೂಚಿಸುತ್ತದೆ. ಆದರೆ ಒಮ್ಮೆ ಅಚ್ಚಾದ ಪಟ್ಟಿ ತಾನೇ ಬೆಲೆಯನ್ನು ನಿರ್ಧರಿಸತೊಡಗುತ್ತದೆ. ಮೊದಲು ಬೆಲೆಯಿಂದ ದರ್ಜೆ ಬಂದಿತ್ತು. ನಂತರ ದರ್ಜೆಯಿಂದಲೇ ಬೆಲೆ ಬರಲಾರಂಭಿಸಿತು. ಇಷ್ಟು ವರ್ಷಗಳಲ್ಲಿ ಈ ಪಟ್ಟಿಯಲ್ಲಿ ಆದ ಪ್ರಮುಖ ಬದಲಾವಣೆ ಒಂದೇ ಒಂದು. 1973ರಲ್ಲಿ ಮೂತೋಂ ರಾಥ್‌ಚೈಲ್ಡ್ ಎಂಬ ತೋಟ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ತೋಟಗಳ ವಿಸ್ತಾರ, ಮಾಲೀಕತ್ವ, ತಂತ್ರಜ್ಞಾನ ಎಲ್ಲವೂ ಬದಲಾದರೂ ಪಟ್ಟಿ ಮಾತ್ರ ಬಹುತೇಕ ಹಾಗೆಯೇ ನಿಂತಿದೆ.

ಲೇಬಲ್ ಮುಚ್ಚಿದಾಗ ಆದದ್ದೇನು?

ಹೆಸರಿನ ನೆರಳಿಲ್ಲದೆ ರುಚಿಯನ್ನು ಅಳೆದರೆ ಏನಾಗಬಹುದೆಂಬುದಕ್ಕೆ 1976ರ ಮೇ 24ರಂದು ಪ್ಯಾರಿಸ್‌ನ ಹೋಟೆಲೊಂದರಲ್ಲಿ ನಡೆದ ಪರೀಕ್ಷೆ ಉತ್ತಮ ನಿದರ್ಶನ. ಅದನ್ನು ಏರ್ಪಡಿಸಿದವರು ಸ್ಟೀವನ್ ಸ್ಪರಿಯರ್. ಇಂಗ್ಲೆಂಡಿನವರಾದ ಅವರು ಪ್ಯಾರಿಸ್‌ನಲ್ಲಿ ವೈನ್ ಅಂಗಡಿಯನ್ನೂ, ಅದರ ಪಕ್ಕದಲ್ಲಿಯೇ ವೈನ್ ಕಲಿಸುವ ಶಾಲೆಯೊಂದನ್ನೂ ನಡೆಸುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದ ಹೊಸ ವೈನ್‌ಗಳನ್ನು ಫ್ರಾನ್ಸಿನ ತಜ್ಞರಿಗೆ ಪರಿಚಯಿಸುವುದು ಅವರ ಉದ್ದೇಶವಾಗಿತ್ತು. ಆರು ಕ್ಯಾಲಿಫೋರ್ನಿಯಾದ ಮತ್ತು ನಾಲ್ಕು ಫ್ರಾನ್ಸಿನ ಬಿಳಿ ವೈನ್‌ಗಳು, ಅದೇ ಪ್ರಮಾಣದಲ್ಲಿ ಕೆಂಪು ವೈನ್‌ಗಳು ಪರೀಕ್ಷೆಗೆ ಬಂದವು. ಲೇಬಲ್‌ಗಳು ಯಾರಿಗೂ ಕಾಣುವಂತಿರಲಿಲ್ಲ. ಒಂಬತ್ತು ಮಂದಿ ಫ್ರೆಂಚ್ ತೀರ್ಪುಗಾರರು ಪ್ರತಿ ವೈನ್‌ಗೂ 20ಕ್ಕೆ ಇಷ್ಟು ಎಂದು ಅಂಕ ನೀಡಿದರು.

ಬಿಳಿ ವೈನ್‌ಗಳಲ್ಲಿ ಕ್ಯಾಲಿಫೋರ್ನಿಯಾದ ಶಾತೋ ಮಾಂಟೆಲೀನಾದ 1973ರ ಶಾರ್ಡನೆ ಮೊದಲನೆಯದಾಯಿತು. ಕೆಂಪು ವೈನ್‌ಗಳಲ್ಲಿಯೂ ಕ್ಯಾಲಿಫೋರ್ನಿಯಾದ್ದೇ ಆದ ಸ್ಟ್ಯಾಗ್ಸ್ ಲೀಪ್‌ನ 1973ರ ಕ್ಯಾಬರ್ನೆ ಸೋವಿನ್ಯೋಂ ಮೊದಲ ಸ್ಥಾನ ಗಳಿಸಿತು. ಮೂತೋಂ ಎರಡನೆಯದು, 1855ರ ಪಟ್ಟಿಯಲ್ಲಿ ಎರಡನೆಯ ದರ್ಜೆಯಲ್ಲಿದ್ದ ಮೋಂರೋಸ್ ಮೂರನೆಯದು, ಮೊದಲ ದರ್ಜೆಯ ಓ-ಬ್ರಿಯೋಂ ನಾಲ್ಕನೆಯದು. ಮಾರುಕಟ್ಟೆಗೆ ಬಂದು ಹೆಚ್ಚು ಕಾಲವಾಗಿರದ ಒಂದು ಸಂಸ್ಥೆಯ ಸರಕನ್ನು ಶತಮಾನಗಳ ಖ್ಯಾತಿ ಪಡೆದ ತೋಟಗಳ ಸರಕಿಗಿಂತ ಮೇಲೆಂದು ಆ ತೋಟಗಳ ದೇಶದ ತಜ್ಞರೇ ಅಂಕ ಕೊಟ್ಟಿದ್ದರು. ಅಲ್ಲಿದ್ದ ಏಕೈಕ ಪತ್ರಕರ್ತ ಜಾರ್ಜ್ ಟೇಬರ್ ‘ಟೈಮ್’ ಪತ್ರಿಕೆಗೆ ಬರೆದ ಸಣ್ಣ ವರದಿಯಿಂದ ಸುದ್ದಿ ಜಗತ್ತಿಗೆ ಹರಡಿ, ಕ್ಯಾಲಿಫೋರ್ನಿಯಾದ ವೈನ್ ಉದ್ಯಮಕ್ಕೆ ದೊಡ್ಡ ಬಲ ದೊರೆಯಿತು.

ಇದರಿಂದ ಅತಿಯಾದ ತೀರ್ಮಾನಕ್ಕೆ ಹೋಗುವುದು ಸಲ್ಲದು. ಕೆಂಪು ವೈನ್‌ಗಳಲ್ಲಿ ಮೊದಲ ಮತ್ತು ಎರಡನೆಯ ಸ್ಥಾನಗಳ ನಡುವಿನ ಅಂತರ ಅತ್ಯಲ್ಪವಾಗಿತ್ತು. ಫ್ರಾನ್ಸಿನ ವೈನ್‌ಗಳು ಕಳಪೆಯೆಂದು ಯಾರೂ ಹೇಳಲಿಲ್ಲ. ಕ್ಯಾಲಿಫೋರ್ನಿಯಾದ ವೈನ್‌ಗಳು ದೀರ್ಘಕಾಲ ಬಾಳವು ಎಂಬ ಆಕ್ಷೇಪ ಮಾತ್ರ ಬಹಳ ವರ್ಷ ಉಳಿದಿತ್ತು. 2006ರಲ್ಲಿ, ಮೂವತ್ತು ವರ್ಷಗಳ ನಂತರ, ಅವೇ ಕೆಂಪು ವೈನ್‌ಗಳನ್ನು ಲಂಡನ್ ಮತ್ತು ನಾಪಾದಲ್ಲಿ ಏಕಕಾಲಕ್ಕೆ ಮತ್ತೆ ಪರೀಕ್ಷಿಸಿದಾಗ ಮೊದಲ ಸ್ಥಾನ ಪಡೆದದ್ದು ಕ್ಯಾಲಿಫೋರ್ನಿಯಾದ ರಿಡ್ಜ್ ಸಂಸ್ಥೆಯ 1971ರ ವೈನ್. ಆಕ್ಷೇಪಕ್ಕೂ ಉತ್ತರ ದೊರೆತಂತಾಯಿತು.

ಬೆಲೆಯನ್ನು ಬಿಡಿಸಿ ನೋಡೋಣ

ಲೆಕ್ಕ ಪರಿಶೋಧಕನಾದ ನನಗೆ ಇಲ್ಲಿ ಸ್ವಾರಸ್ಯಕರವಾಗಿ ಕಾಣುವುದು ಬೆಲೆಯ ರಚನೆ. ಆಮದು ವೈನ್‌ಗೆ ಭಾರತದಲ್ಲಿ ಬಹುಕಾಲ ಶೇ. 150ರ ಆಮದು ಸುಂಕವಿತ್ತು. ಉದಾಹರಣೆಗೆ, ಬಂದರಿಗೆ ಬರುವ ವೇಳೆಗೆ 500 ರೂಪಾಯಿ ಬೀಳುವ ಬಾಟಲಿಯೊಂದು ಆ ದರದಲ್ಲಿ ಸುಂಕ ಸೇರಿ 1,250 ರೂಪಾಯಿ ಆಗುತ್ತದೆ. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ, ವಿತರಕನ ಲಾಭಾಂಶ, ಹೋಟೆಲಿನ ಲಾಭಾಂಶಗಳು ಸೇರುತ್ತವೆ. ಭೋಜನ ಮೇಜಿನ ಮೇಲೆ ಅದರ ಬೆಲೆ ಹಲವು ಸಾವಿರಕ್ಕೆ ಏರಿದ್ದರೂ ಬಾಟಲಿಯೊಳಗಿನ ರಸ ಮೊದಲಿನ ಐನೂರು ರೂಪಾಯಿಯದೇ. ಆಸ್ಟ್ರೇಲಿಯದೊಂದಿಗಿನ ವ್ಯಾಪಾರ ಒಪ್ಪಂದವು 2022ರ ಡಿಸೆಂಬರ್ 29ರಂದು ಜಾರಿಗೆ ಬಂದು, ನಿಗದಿತ ಬೆಲೆಗಿಂತ ಮೇಲಿನ ಆ ದೇಶದ ವೈನ್‌ಗಳಿಗೆ ಸುಂಕವನ್ನು ಹಂತಹಂತವಾಗಿ ಇಳಿಸುವ ಏರ್ಪಾಡಾಯಿತು. ಸುಂಕ ಇಳಿದರೆ ಬೆಲೆ ಇಳಿಯಬಹುದು, ರುಚಿಯೇನೂ ಕಡಿಮೆಯಾಗದು. ಗ್ರಾಹಕ ಕೊಡುವ ಹಣದಲ್ಲಿ ಎಷ್ಟು ಪಾಲು ಸರಕಿಗೆ, ಎಷ್ಟು ತೆರಿಗೆಗೆ, ಎಷ್ಟು ಹೆಸರಿಗೆ ಹೋಗುತ್ತದೆ ಎಂದು ಕೇಳಿಕೊಳ್ಳುವವನು ವೈನ್ ಪಟ್ಟಿಯ ಮುಂದೆ ಸಂಕೋಚಪಡಬೇಕಾಗಿಲ್ಲ.

ರುಚಿಪರೀಕ್ಷೆಯ ಕ್ರಮ

ವೈನ್ ಟೇಸ್ಟಿಂಗ್ ಎಂದು ಕರೆಯಲಾಗುವ ರುಚಿಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಬಣ್ಣವನ್ನು ಬಿಳಿಯ ಹಿನ್ನೆಲೆಯಲ್ಲಿ ನೋಡಬೇಕು. ನಂತರ ಲೋಟವನ್ನು ಮೆಲ್ಲಗೆ ತಿರುಗಿಸಿ ಪರಿಮಳವನ್ನು ಗ್ರಹಿಸಬೇಕು. ಬಳಿಕ ಒಂದು ಸಣ್ಣ ಗುಟುಕನ್ನು ಬಾಯಿಯಲ್ಲಿಟ್ಟುಕೊಂಡು ಸಿಹಿ, ಹುಳಿ, ಒಗರು, ಸಾಂದ್ರತೆ ಮತ್ತು ಕೊನೆಗೆ ನಾಲಿಗೆಯ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ಟ್ಯಾನಿನ್ ಎನ್ನುವ ಗುಣಕ್ಕೆ ನಮ್ಮಲ್ಲಿ ಒಗರು ಎಂಬ ಸೊಗಸಾದ ಪದ ಮೊದಲಿನಿಂದಲೂ ಇದೆ. ಎಳೆ ಅಡಿಕೆ, ನೆಲ್ಲಿಕಾಯಿ, ಬಾಳೆಕಾಯಿಗಳನ್ನು ಬಲ್ಲವರಿಗೆ ಕೆಂಪು ವೈನ್‌ನ ಒಗರನ್ನು ವಿವರಿಸುವ ಅಗತ್ಯವಿಲ್ಲ.

ಲಘುವಾದುದರಿಂದ ಗಾಢವಾದುದಕ್ಕೆ, ಸಿಹಿಯಿಲ್ಲದ್ದರಿಂದ ಸಿಹಿಗೆ ಸಾಗುವುದು ವಾಡಿಕೆ. ಒಂದೇ ವರ್ಷದ, ಬೇರೆ ಬೇರೆ ತಯಾರಕರ ವೈನ್‌ಗಳನ್ನು ಅಕ್ಕಪಕ್ಕ ಇಟ್ಟರೆ ತಯಾರಕರ ಕೌಶಲದ ವ್ಯತ್ಯಾಸ ತಿಳಿಯುತ್ತದೆ. ಒಬ್ಬನೇ ತಯಾರಕನ ಹಲವು ವರ್ಷಗಳ ವೈನ್‌ಗಳನ್ನಿಟ್ಟರೆ ಹವಾಮಾನ ಮತ್ತು ಕಾಲದ ಪರಿಣಾಮ ತಿಳಿಯುತ್ತದೆ. ರುಚಿಪರೀಕ್ಷೆಗೆಂದೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1977ರಲ್ಲಿ ಸುಮಾರು 215 ಮಿ.ಲೀ. ಹಿಡಿಯುವ, ಬಾಯಿ ಕಿರಿದಾದ ಲೋಟವೊಂದನ್ನು ನಿಗದಿಪಡಿಸಿದೆ. ಅದರಲ್ಲಿ ಸುರಿಯುವುದು 50 ಮಿ.ಲೀ. ಮಾತ್ರ, ಉಳಿದ ಜಾಗ ಪರಿಮಳಕ್ಕೆ. ಉಗುಳಲು ಪಾತ್ರೆಯೊಂದು ಮೇಜಿನ ಮೇಲೆ ಇರಲೇಬೇಕು. ಅದನ್ನು ಬಳಸುವುದು ಅಸಭ್ಯವಲ್ಲ; ವೃತ್ತಿಪರರೆಲ್ಲರೂ ಬಳಸುತ್ತಾರೆ.

ಇದೆಲ್ಲವನ್ನೂ ಒಬ್ಬನೇ ಕುಳಿತು ಮಾಡಬಹುದಲ್ಲ ಎಂದು ಕೇಳಬಹುದು. ಮಾಡಬಹುದು, ಆದರೆ ಕಲಿಕೆ ಅಲ್ಪ. ಎಂಟು ಹತ್ತು ಮಂದಿ ತಮ್ಮ ಅಭಿಪ್ರಾಯವನ್ನು ಮೊದಲು ಕಾಗದದ ಮೇಲೆ ಬರೆದು, ನಂತರ ಒಬ್ಬೊಬ್ಬರಾಗಿ ಓದಿದಾಗ ಒಬ್ಬರಿಗೆ ಹೊಳೆಯದ ಗುಣವನ್ನು ಇನ್ನೊಬ್ಬರು ಎತ್ತಿ ತೋರಿಸುತ್ತಾರೆ. ಮೊದಲೇ ಬರೆದಿಡುವುದು ಇಲ್ಲಿ ಮುಖ್ಯ. ಇಲ್ಲವಾದರೆ ಮೇಜಿನ ಹಿರಿಯರು ಅಥವಾ ಶ್ರೀಮಂತರು ಏನು ಹೇಳುತ್ತಾರೋ ಅದಕ್ಕೇ ಎಲ್ಲರೂ ತಲೆಯಾಡಿಸುವುದು ಮನುಷ್ಯ ಸಹಜ.

ಶಿಕ್ಷಣದ ಹಂತಗಳು

ವೈನ್ ಶಿಕ್ಷಣವೂ ವ್ಯಾಪಾರದ ಅಗತ್ಯದಿಂದಲೇ ಹುಟ್ಟಿತು. ಬ್ರಿಟನ್ನಿನಲ್ಲಿ ವೈನ್ ವರ್ತಕರು ತಮ್ಮ ವೃತ್ತಿಯ ಮಟ್ಟವನ್ನು ಎತ್ತರಿಸಲು 1953ರಲ್ಲಿ ‘ಮಾಸ್ಟರ್ ಆಫ್ ವೈನ್’ ಪರೀಕ್ಷೆಯನ್ನು ಆರಂಭಿಸಿದರು. 1955ರಲ್ಲಿ ಅದರ ಸಂಸ್ಥೆ ಸ್ಥಾಪನೆಯಾಯಿತು. ಅದರ ಪ್ರಾಯೋಗಿಕ ಪರೀಕ್ಷೆಯಲ್ಲಿ ತಲಾ 12 ವೈನ್‌ಗಳ ಮೂರು ಪತ್ರಿಕೆಗಳು, ಅಂದರೆ ಒಟ್ಟು 36 ವೈನ್‌ಗಳನ್ನು ಹೆಸರು ತಿಳಿಯದೆ ಗುರುತಿಸಿ ವಿಶ್ಲೇಷಿಸಬೇಕಾಗುತ್ತದೆ. ನಮ್ಮ ಸಿ.ಎ. ಪರೀಕ್ಷೆಯನ್ನು ನೆನಪಿಸುವಷ್ಟು ಕಠಿಣವಾದ ಈ ಪದವಿಯನ್ನು ಪಡೆದ ಮೊದಲ ಭಾರತೀಯರು ಸೋನಲ್ ಹಾಲೆಂಡ್, ವರ್ಷ 2016.

ಸಾಮಾನ್ಯ ಆಸಕ್ತರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಲಂಡನ್ನಿನಲ್ಲಿ 1969ರಲ್ಲಿ ಸ್ಥಾಪಿತವಾದ ‘ವೈನ್ ಅಂಡ್ ಸ್ಪಿರಿಟ್ ಎಜುಕೇಷನ್ ಟ್ರಸ್ಟ್’ ನಾಲ್ಕು ಹಂತಗಳ ಶಿಕ್ಷಣವನ್ನು ರೂಪಿಸಿದೆ. ಮೊದಲ ಹಂತದ ಪಾಠ ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುತ್ತದೆ. ಭಾರತದ ದೊಡ್ಡ ನಗರಗಳಲ್ಲಿಯೂ ಇದರ ತರಗತಿಗಳು ನಡೆಯುತ್ತವೆ. ಹೋಟೆಲ್, ಕೇಟರಿಂಗ್, ಪ್ರವಾಸೋದ್ಯಮಗಳಲ್ಲಿರುವ ನಮ್ಮ ಸದಸ್ಯರು ತಮ್ಮ ಸಿಬ್ಬಂದಿಯಲ್ಲಿ ಒಬ್ಬಿಬ್ಬರನ್ನಾದರೂ ಇಂತಹ ತರಬೇತಿಗೆ ಕಳುಹಿಸುವುದು ಯೋಗ್ಯ ಹೂಡಿಕೆ. ಯಾವ ವೈನ್ ಯಾವ ಊಟಕ್ಕೆ ಹೊಂದುತ್ತದೆ ಎಂದು ಎರಡು ವಾಕ್ಯಗಳಲ್ಲಿ ಹೇಳಬಲ್ಲ ನೌಕರ ಗ್ರಾಹಕನ ಸಂಕೋಚವನ್ನೂ ನಿವಾರಿಸುತ್ತಾನೆ, ಮಾಲೀಕನ ವಹಿವಾಟನ್ನೂ ಬೆಳೆಸುತ್ತಾನೆ.

ಭೋಜನಕೂಟವೇ ಮಾರುಕಟ್ಟೆಯಾದ ಬಗೆ

ಭೋಜನಕೂಟಗಳ ಹಿನ್ನೆಲೆಯೂ ಅಷ್ಟೇ ಬೋಧಪ್ರದ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಫ್ರಾನ್ಸಿನ ಬರ್ಗಂಡಿ ಪ್ರಾಂತದ ವೈನ್ ಕೊಳ್ಳುವವರಿಲ್ಲದೆ ಉಗ್ರಾಣಗಳಲ್ಲಿ ಉಳಿಯಿತು. ಆಗ ಅಲ್ಲಿನ ಕೆಲವು ಪ್ರಮುಖರು 1934ರಲ್ಲಿ ನ್ವೀ-ಸೇಂ-ಜಾರ್ಜ್ ಎಂಬ ಊರಿನಲ್ಲಿ ಒಂದು ಸ್ನೇಹಕೂಟವನ್ನು ಕಟ್ಟಿದರು. ಮಾರಾಟವಾಗದ ವೈನನ್ನು ಸ್ಥಳೀಯ ಅಡುಗೆಯೊಂದಿಗೆ ಅತಿಥಿಗಳಿಗೆ ಬಡಿಸಿ, ಅವರನ್ನೇ ತಮ್ಮ ಪ್ರಾಂತದ ರಾಯಭಾರಿಗಳನ್ನಾಗಿ ಮಾಡುವುದು ಅವರ ಯೋಚನೆ. ರುಚಿ ನೋಡುವ ಬೆಳ್ಳಿಯ ಚಪ್ಪಟೆ ಬಟ್ಟಲಿನ ಹೆಸರನ್ನೇ ಕೂಟಕ್ಕೆ ಇಟ್ಟರು. ಅದರ ಶಾಖೆಗಳು ಇಂದು ಅನೇಕ ದೇಶಗಳಲ್ಲಿವೆ.

ಅದೇ ಪ್ರಾಂತದ ಬೋನ್ ಪಟ್ಟಣದಲ್ಲಿ, 1443ರಲ್ಲಿ ಬಡವರಿಗಾಗಿ ಸ್ಥಾಪಿತವಾದ ಆಸ್ಪತ್ರೆಯ ಸಹಾಯಾರ್ಥವಾಗಿ 1859ರಿಂದ ವೈನ್ ಹರಾಜು ನಡೆದುಬಂದಿದೆ. ನವೆಂಬರ್ ತಿಂಗಳ ಮೂರನೆಯ ಭಾನುವಾರ ನಡೆಯುವ ಆ ಹರಾಜಿಗೆ ಜಗತ್ತಿನ ವ್ಯಾಪಾರಿಗಳು ಬರುತ್ತಾರೆ. ಮರುದಿನ ಮೆರ್ಸೋ ಗ್ರಾಮದಲ್ಲಿ ನಡೆಯುವ ಔತಣಕ್ಕೆ, 1923ರಲ್ಲಿ ಪುನರುಜ್ಜೀವಗೊಂಡ ಪದ್ಧತಿಯಂತೆ, ಬಂದವರೆಲ್ಲರೂ ತಮ್ಮ ಬಾಟಲಿಯನ್ನು ತಂದು ನೆರೆಯವರೊಂದಿಗೆ ಹಂಚಿಕೊಳ್ಳುತ್ತಾರೆ. ದಾನ, ವ್ಯಾಪಾರ, ಸ್ನೇಹ ಮೂರೂ ಒಂದೇ ವಾರಾಂತ್ಯದಲ್ಲಿ ಕೂಡಿಬರುವ ಈ ಏರ್ಪಾಡು ನಮ್ಮ ಜಾತ್ರೆ ಮತ್ತು ಸಂತೆಗಳ ಸಂಬಂಧವನ್ನು ಬಲ್ಲವರಿಗೆ ಅಪರಿಚಿತವೆನಿಸದು.

ಭೋಜನಕೂಟದಲ್ಲಿ ತಿಳಿದಿರಬೇಕಾದ ಕೆಲವು ಅಂಶಗಳು ಹೀಗಿವೆ:

1. ಪರಿಚಾರಕನು ಬಾಟಲಿ ತೆರೆದು ಆತಿಥೇಯನ ಲೋಟಕ್ಕೆ ಸ್ವಲ್ಪ ಸುರಿಯುವುದು ವೈನ್ ಕೆಟ್ಟಿದೆಯೇ ಎಂದು ನೋಡಲು. ರುಚಿ ಇಷ್ಟವಾಗಲಿಲ್ಲವೆಂಬ ಕಾರಣಕ್ಕೆ ಹಿಂದಿರುಗಿಸುವ ಪದ್ಧತಿ ಇಲ್ಲ. ಒದ್ದೆ ಗೋಣಿಚೀಲದ ಅಥವಾ ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷವಿದೆ ಎಂದರ್ಥ; ವಿನೆಗರ್ ವಾಸನೆ ಬಂದರೂ ದೋಷವೇ. ಆಗ ನಿಸ್ಸಂಕೋಚವಾಗಿ ಬದಲಿಸಿಕೊಡಲು ಕೇಳಬಹುದು.

2. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು ಯೂರೋಪಿನ ತಂಪು ಮನೆಗಳಿಗೆ ಸಂಬಂಧಿಸಿದ್ದು. ಅದಕ್ಕೆ ಸೂಕ್ತವಾದುದು 15ರಿಂದ 18 ಡಿಗ್ರಿ ಸೆಲ್ಸಿಯಸ್. ನಮ್ಮ ಬೇಸಿಗೆಯಲ್ಲಿ ಬಡಿಸುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡುವುದು ಲೇಸು.

3. ಖಾರ ಹೆಚ್ಚಿರುವ ಅಡುಗೆಯೊಂದಿಗೆ ಒಗರು ಮತ್ತು ಮದ್ಯಾಂಶ ಹೆಚ್ಚಿರುವ ವೈನ್ ಸೇರಿದರೆ ಬಾಯಿಯ ಉರಿ ಹೆಚ್ಚುತ್ತದೆ. ಅಂತಹ ಊಟಕ್ಕೆ ಸ್ವಲ್ಪ ಸಿಹಿಯಿರುವ, ತಂಪಾದ ಬಿಳಿ ವೈನ್ ಹೊಂದುತ್ತದೆ. ನಿಂಬೆ, ಹುಣಸೆಯ ಹುಳಿಯಿರುವ ಅಡುಗೆಗೆ ಹುಳಿಯಂಶ ಚೆನ್ನಾಗಿರುವ ವೈನ್ ಬೇಕು.

4. ಮೇಜಿನ ಮೇಲೆ ನೀರು ಸಾಕಷ್ಟಿರಬೇಕು. ಖಾಲಿಯಾದ ಲೋಟವನ್ನು ಕೇಳದೆ ತುಂಬಿಸುವುದು ಉಪಚಾರವಲ್ಲ.

ನಮ್ಮ ನಾಡಿನ ನೆಲದಲ್ಲಿ

ಇದೆಲ್ಲ ಪರದೇಶದ ಕಥೆಯೆಂದು ಬದಿಗಿಡುವಂತಿಲ್ಲ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ತರಿಸಿ ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ತೋಟ ಆರಂಭಿಸಿದರು. 1992ರಲ್ಲಿ ಅದರ ಮೊದಲ ವೈನ್‌ಗಳು ಹೊರಬಂದವು. ಬೋರ್ಡೋದ ಖ್ಯಾತ ತಜ್ಞ ಮಿಶೆಲ್ ರೋಲಾಂ ಅದಕ್ಕೆ ಸಲಹೆಗಾರರಾದರು. ಹಂಪಿ ಪರಿಸರದ ಗುಡ್ಡಗಳಲ್ಲಿಯೂ ಈಗ ವೈನ್ ತೋಟವಿದೆ. ದಖ್ಖನಿನ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಬಳ್ಳಿಯನ್ನು ಸವರಿ (ಚಾಟ್ನಿ ಮಾಡಿ) ಒಂದು ಬೆಳೆ ತೆಗೆಯುವ ಕ್ರಮ ಯೂರೋಪಿನಲ್ಲಿಲ್ಲ. ಅಲ್ಲಿ ಚಳಿಗಾಲ ಮಾಡುವ ಕೆಲಸವನ್ನು ಇಲ್ಲಿ ರೈತನ ಕತ್ತರಿ ಮಾಡುತ್ತದೆ.

ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಇದಕ್ಕಾಗಿ ವೈನ್ ಮಂಡಳಿಯೂ ಸ್ಥಾಪನೆಯಾಗಿ, ವೈನ್ ಉತ್ಸವಗಳು ನಡೆದವು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಭಾಗಗಳ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹಣ್ಣಿನ ರಸ, ಜಾಮ್ ಮತ್ತು ಕಡಿಮೆ ಬೆಲೆಯ ಸಿಹಿ ವೈನ್‌ಗೆ ಅದು ಬಳಕೆಯಾಗುತ್ತದೆ. ಕಿತ್ತ ಹಣ್ಣು ಕೆಲವೇ ದಿನಗಳಲ್ಲಿ ಕೆಡುವುದರಿಂದ, ಸಂಸ್ಕರಣೆಯ ಬೇಡಿಕೆ ಸ್ಥಿರವಾಗಿದ್ದರೆ ಮಾತ್ರ ಬೆಳೆಗಾರನಿಗೆ ಧೈರ್ಯ.

ಟಿ.ವಿ. ವಾಹಿನಿಗಳಲ್ಲಿ ಮದ್ಯದ ಜಾಹೀರಾತಿಗೆ 1994ರ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ನಿಷೇಧವಿದೆ. ಹೀಗಾಗಿ ವೈನ್ ತಯಾರಕನಿಗೆ ತನ್ನ ಸರಕಿನ ಗುಣವನ್ನು ಗ್ರಾಹಕನಿಗೆ ಮನದಟ್ಟು ಮಾಡಿಸಲು ಉಳಿಯುವ ನೇರ ಮಾರ್ಗವೆಂದರೆ ರುಚಿ ಕೊಠಡಿ. ನಾಸಿಕದ ಸುಲಾ ಸಂಸ್ಥೆ 2005ರಲ್ಲಿ ತನ್ನ ತೋಟದಲ್ಲಿಯೇ ರುಚಿ ಕೊಠಡಿಯನ್ನು ತೆರೆದು, ಪ್ರವಾಸಿಗರನ್ನು ಗ್ರಾಹಕರನ್ನಾಗಿ ಮಾಡಿಕೊಳ್ಳುತ್ತ ಬೆಳೆದು, 2022ರ ಡಿಸೆಂಬರಿನಲ್ಲಿ ಷೇರು ಮಾರುಕಟ್ಟೆ ಪ್ರವೇಶಿಸಿತು. ರುಚಿ ಕೊಠಡಿಯ ಸುತ್ತ ಊಟದ ಮನೆ, ವಸತಿ, ಸಾರಿಗೆ, ಗಾಜು, ರಟ್ಟಿನ ಪೆಟ್ಟಿಗೆ, ಮುದ್ರಣ ಮುಂತಾದ ಸಣ್ಣ ಉದ್ದಿಮೆಗಳಿಗೂ ಕೆಲಸ ಹುಟ್ಟುತ್ತದೆ. ಹೊಸ ಸ್ಥಳೀಯ ತಯಾರಕನಿಗೆ ಲೇಬಲ್ ನೋಡಿ ಕೊಳ್ಳುವ ಗ್ರಾಹಕನಿಂದ ಪ್ರಯೋಜನವಿಲ್ಲ. ರುಚಿ ನೋಡಿ ಕೊಳ್ಳುವ ಗ್ರಾಹಕನೇ ಅವನ ಬಂಡವಾಳ.

ಲೆಕ್ಕ, ಕಾನೂನು ಮತ್ತು ಆರೋಗ್ಯ

ಹನ್ನೆರಡು ಮಂದಿಯ ರುಚಿಪರೀಕ್ಷೆಯೊಂದನ್ನು ಲೆಕ್ಕ ಹಾಕೋಣ. ಆರು ಬಗೆಯ ವೈನ್, ತಲಾ 750 ಮಿ.ಲೀ.ನ ಒಂದೊಂದು ಬಾಟಲಿ. ಒಬ್ಬರಿಗೆ 50 ಮಿ.ಲೀ.ನಂತೆ ಪ್ರತಿ ಬಾಟಲಿಯಲ್ಲಿ 600 ಮಿ.ಲೀ. ವಿನಿಯೋಗವಾಗಿ 150 ಮಿ.ಲೀ. ಉಳಿಯುತ್ತದೆ. ಬಾಟಲಿಯೊಂದಕ್ಕೆ ಸರಾಸರಿ 900 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 5,400 ರೂಪಾಯಿ. ತಲಾ 450 ರೂಪಾಯಿ. ಒಂದು ದುಬಾರಿ ಬಾಟಲಿಗೆ ಒಬ್ಬನೇ ತೆರುವ ಹಣಕ್ಕಿಂತ ಕಡಿಮೆ ಖರ್ಚಿನಲ್ಲಿ ಆರು ವೈನ್‌ಗಳ ಪರಿಚಯವಾಗುತ್ತದೆ. ಹತ್ತು ಮಂದಿಯ ಅಭಿಪ್ರಾಯ ಉಚಿತ.

ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಶೇ. 13 ಮದ್ಯಾಂಶವಿರುವ ಆರು ವೈನ್‌ಗಳ 300 ಮಿ.ಲೀ.ಯನ್ನು ಪೂರ್ತಿ ನುಂಗಿದರೆ ದೇಹಕ್ಕೆ ಸೇರುವ ಶುದ್ಧ ಮದ್ಯಸಾರ 39 ಮಿ.ಲೀ. ಶೇ. 42.8ರ ವಿಸ್ಕಿಯ 60 ಮಿ.ಲೀ. ಪೆಗ್ ಒಂದರಲ್ಲಿ ಇರುವುದು ಸುಮಾರು 25.7 ಮಿ.ಲೀ. ಅಂದರೆ ಇದು ಒಂದೂವರೆ ದೊಡ್ಡ ಪೆಗ್ಗಿಗೆ ಸಮ. ವಾಹನ ಚಾಲಕರ ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಾಂಶ ಇರುವುದು ಮೋಟಾರು ವಾಹನ ಕಾಯಿದೆಯಂತೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೇ ಆರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ಆದ್ದರಿಂದ ಉಗುಳುವ ಪಾತ್ರೆ ಮತ್ತು ಬಾಡಿಗೆ ಕಾರು ಎರಡನ್ನೂ ಏರ್ಪಾಡಿನ ಭಾಗವೆಂದೇ ಎಣಿಸಬೇಕು.

ಕಾರ್ಯಕ್ರಮವನ್ನು ಅಬಕಾರಿ ಪರವಾನಗಿಯಿರುವ ಹೋಟೆಲ್ ಅಥವಾ ಕ್ಲಬ್ಬಿನಲ್ಲಿ ನಡೆಸುವುದು ಸುಲಭ. ಕಲ್ಯಾಣಮಂಟಪ, ಸಭಾಭವನ ಮುಂತಾದ ಕಡೆ ನಡೆಸುವುದಾದರೆ ಸಾಂದರ್ಭಿಕ ಪರವಾನಗಿ (ಸಿ.ಎಲ್.-5) ಪಡೆಯಬೇಕು. ಮಾನವ ಸೇವನೆಯ ಮದ್ಯವು ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿದ್ದು, ಊಟದ ಬಿಲ್ಲಿಗೆ ಜಿ.ಎಸ್.ಟಿ. ಅನ್ವಯಿಸುತ್ತದೆ, ಆದರೆ ಆಹಾರ ಪಾನೀಯಗಳ ಮೇಲಿನ ಹೂಡುವಳಿ ತೆರಿಗೆ ಜಮೆ ಸಾಮಾನ್ಯ ವ್ಯಾಪಾರಿಗೆ ದೊರೆಯುವುದಿಲ್ಲ. ಆದಾಯ ತೆರಿಗೆಯಲ್ಲಿ ವೆಚ್ಚವು ಸಂಪೂರ್ಣವಾಗಿ ವ್ಯವಹಾರದ ಉದ್ದೇಶಕ್ಕೇ ಆಗಿರಬೇಕೆಂಬುದು ಮೂಲ ತತ್ತ್ವ. 2005ರಿಂದ 2009ರವರೆಗೆ ಆತಿಥ್ಯ ವೆಚ್ಚದ ಮೇಲೆ ಫ್ರಿಂಜ್ ಬೆನಿಫಿಟ್ ತೆರಿಗೆಯನ್ನು ಕಟ್ಟಿದ ಸದಸ್ಯರಿಗೆ ಈ ವಿಷಯದ ಸೂಕ್ಷ್ಮ ನೆನಪಿರುತ್ತದೆ. ಆ ತೆರಿಗೆ ಹೋಗಿದ್ದರೂ ಶಿಸ್ತು ಉಳಿಯಲಿ. ಯಾರು ಅತಿಥಿಗಳು, ಯಾವ ವ್ಯವಹಾರದ ಸಂಬಂಧ ಎಂಬುದನ್ನು ಬಿಲ್ಲಿನ ಜೊತೆ ಬರೆದಿಡಿ. ಸಿಬ್ಬಂದಿಯ ತರಬೇತಿ ಶುಲ್ಕವನ್ನು ಆತಿಥ್ಯದ ಖಾತೆಯಲ್ಲಿ ಬೆರೆಸಬೇಡಿ. ಮನೆಯ ಸಮಾರಂಭದ ಬಿಲ್ಲನ್ನು ವ್ಯವಹಾರದ ಪುಸ್ತಕಕ್ಕೆ ತರಲೇಬೇಡಿ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಬಹಳ ವರ್ಷಗಳಿಂದ ಪ್ರಚಾರದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ಸ್ಪಷ್ಟಪಡಿಸಿದೆ. ಹಾಗಾಗಿ ಔಷಧಿಯೆಂಬ ನೆಪ ಬೇಡ. ಮತ, ಮನೆತನ, ಆರೋಗ್ಯ ಅಥವಾ ಕೇವಲ ಇಷ್ಟವಿಲ್ಲವೆಂಬ ಕಾರಣಕ್ಕೆ ಕುಡಿಯದ ಅತಿಥಿಯನ್ನು ಯಾರೂ ಕಾರಣ ಕೇಳಬಾರದು. ಅವರಿಗೂ ಅದೇ ಲೋಟದಲ್ಲಿ ಒಳ್ಳೆಯ ದ್ರಾಕ್ಷಿ ರಸವನ್ನು ಬಡಿಸುವುದು ಆತಿಥೇಯನ ಕರ್ತವ್ಯ. ವಿದೇಶಿ ವ್ಯಾಪಾರಿಗಳ ಮೇಜಿನಲ್ಲಿಯೂ ‘ನಾನು ಕುಡಿಯುವುದಿಲ್ಲ’ ಎಂದು ನಗುಮುಖದಿಂದ ಹೇಳಿದವರ ವ್ಯವಹಾರ ಕೆಟ್ಟದ್ದನ್ನು ನನ್ನ ಮೂವತ್ತು ವರ್ಷಗಳ ವೃತ್ತಿಯಲ್ಲಿ ಕಂಡಿಲ್ಲ.

ನಮ್ಮ ಸರಕಿನ ಮೇಲೂ ಬಟ್ಟೆ ಮುಚ್ಚೋಣ

ವೈನ್ ಮೇಜಿನಿಂದ ಎದ್ದು ಬರುವಾಗ ಕುಡಿಯುವವರೂ ಕುಡಿಯದವರೂ ಸಮಾನವಾಗಿ ಕೊಂಡೊಯ್ಯಬಹುದಾದದ್ದು ಅದರ ವಿಧಾನವನ್ನು. ಕಾಫಿ ಪುಡಿ, ಉಪ್ಪಿನಕಾಯಿ, ಸಾರಿನ ಪುಡಿ, ಬಿಸ್ಕತ್ತು, ಅಗರಬತ್ತಿ, ಅಡುಗೆ ಎಣ್ಣೆ ಇವುಗಳನ್ನು ತಯಾರಿಸುವ ಅನೇಕರು ನಮ್ಮ ಸದಸ್ಯರಲ್ಲಿದ್ದಾರೆ. ತಮ್ಮ ಸರಕೇ ಉತ್ತಮವೆಂಬ ನಂಬಿಕೆ ಎಲ್ಲರಿಗೂ ಇದೆ. ಅದನ್ನು ಪರೀಕ್ಷಿಸಿದವರು ವಿರಳ. ತಮ್ಮದೊಂದು, ಪ್ರತಿಸ್ಪರ್ಧಿಗಳದು ನಾಲ್ಕೈದು ಮಾದರಿಗಳನ್ನು ಒಂದೇ ಬಗೆಯ ಪಾತ್ರೆಗಳಲ್ಲಿಟ್ಟು, ಸಂಖ್ಯೆ ಮಾತ್ರ ನಮೂದಿಸಿ, ಹನ್ನೆರಡು ಮಂದಿಯ ಮುಂದಿಡಿ. ಅದರಲ್ಲಿ ನಿಮ್ಮ ನೌಕರರಿಗಿಂತ ಹೊರಗಿನ ಗ್ರಾಹಕರೇ ಹೆಚ್ಚಿರಲಿ. ಮೊದಲು ಅಂಕ ಬರೆಸಿ, ನಂತರ ಮಾತನಾಡಿಸಿ. ಯಾವ ಸಂಖ್ಯೆ ಯಾರದೆಂಬ ಚೀಟಿಯನ್ನು ಕೊನೆಗೆ ತೆರೆಯಿರಿ.

ಮೊದಲ ಸ್ಥಾನ ಬಂದರೆ, ಬೆಲೆಯನ್ನು ನಾಲ್ಕು ರೂಪಾಯಿ ಏರಿಸಲು ನಿಮಗೆ ಆಧಾರ ದೊರೆಯಿತು. ನಾಲ್ಕನೆಯ ಸ್ಥಾನ ಬಂದರೆ, ಮುಂದಿನ ವರ್ಷದ ಜಾಹೀರಾತಿನ ಹಣದಲ್ಲಿ ಒಂದು ಪಾಲನ್ನು ಕಚ್ಚಾ ಸಾಮಗ್ರಿಗೆ ವರ್ಗಾಯಿಸಲು ಅದಕ್ಕಿಂತ ಉತ್ತಮ ಸಲಹೆ ಇನ್ನಾವುದೂ ಇರಲಾರದು.